ಹಂಗಾಮು ಮುಗಿದ ಮೇಲೆ ಹಿತ್ತಲಿನ ಕೆಲಸ

(ರೈತರ ತರಬೇತಿಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಮುಂಗಾರಿನ ಆರಂಭದಲ್ಲಿ ಹಿತ್ತಲಿನ ಬಗ್ಗೆ ಎಲ್ಲರಿಗೂ ಉತ್ಸಾಹವಿರುತ್ತದೆ. ಮಡಿ ಮಾಡುವುದು, ಬೀಜ ಹಾಕುವುದು, ಚಪ್ಪರ ಕಟ್ಟುವುದು ಎಲ್ಲವೂ ಸಕಾಲದಲ್ಲಿ ನಡೆಯುತ್ತವೆ. ಆದರೆ ಸಂಕ್ರಾಂತಿ ಕಳೆದು ಅವರೆಯ ಸುಗ್ಗಿ ಮುಗಿದ ಕೂಡಲೇ ಹಿತ್ತಲಿನ ಕಡೆಗೆ ತಿರುಗಿ ನೋಡುವವರು ಕಡಿಮೆ. ಒಣಗಿದ ಬದನೆ ಗಿಡ ನಿಂತಲ್ಲೇ ನಿಂತಿರುತ್ತದೆ. ಬೆಂಡೆಯ ಕಡ್ಡಿಯಲ್ಲಿ ನಾಲ್ಕಾರು ಬಲಿತ ಕಾಯಿಗಳು ಸಿಡಿಯುತ್ತಿರುತ್ತವೆ. ಹೀರೆಬಳ್ಳಿ ಚಪ್ಪರದ ಮೇಲೆ ಒಣಗಿ ಜೋತಾಡುತ್ತಿರುತ್ತದೆ. ಊರ ಮೇಕೆಗಳು ಬೇಲಿ ನುಗ್ಗಿ ಉಳಿದದ್ದನ್ನು ಮುಗಿಸುತ್ತವೆ. ಮತ್ತೆ ಹಿತ್ತಲು ನೆನಪಾಗುವುದು ಮೃಗಶಿರೆ ಮಳೆ ಬಿದ್ದ ಮೇಲೆಯೇ.

ಹೀಗೆ ಬಿಟ್ಟ ಹಿತ್ತಲು ಸುಮ್ಮನೆ ಮಲಗಿರುವುದಿಲ್ಲ. ಆ ನಾಲ್ಕು ತಿಂಗಳಲ್ಲಿ ಹುಳುಗಳು ಕಡ್ಡಿಯೊಳಗೆ ಕೋಶಾವಸ್ಥೆಯಲ್ಲಿ ಉಳಿದುಕೊಳ್ಳುತ್ತವೆ, ಜಂತುಹುಳುಗಳ ಮೊಟ್ಟೆಗಳು ಬೇರಿನ ಗಂಟುಗಳಲ್ಲಿ ಸುರಕ್ಷಿತವಾಗಿರುತ್ತವೆ, ಕಳೆಗಳು ಬೀಜ ಉದುರಿಸುತ್ತವೆ, ಮನೆಯಲ್ಲಿ ಹಲವು ವರ್ಷಗಳಿಂದ ಉಳಿದು ಬಂದ ತರಕಾರಿಯ ತಳಿಯು ಕೊನೆಯ ಕಾಯಿಯೊಡನೆ ಅಡಿಗೆಮನೆಗೆ ಹೋಗಿ ಮುಗಿದುಹೋಗುತ್ತದೆ. ಮುಂದಿನ ವರ್ಷ ಹಿತ್ತಲಿನಲ್ಲಿ ತರಕಾರಿ ಬೆಳೆಯುತ್ತದೆಯೋ ಅಥವಾ ಸಂತೆಯಿಂದ ಕೊಳ್ಳಬೇಕಾಗುತ್ತದೆಯೋ ಎಂಬುದು ಬಹುಮಟ್ಟಿಗೆ ಈ ಹಂಗಾಮಿನ ಕೊನೆಯ ಇಪ್ಪತ್ತು ದಿನಗಳ ಕೆಲಸದ ಮೇಲೆ ನಿಂತಿದೆ. ವಯಸ್ಕರೊಬ್ಬರಿಗೆ ದಿನಕ್ಕೆ 300 ಗ್ರಾಂಗೆ ಕಡಿಮೆಯಿಲ್ಲದಷ್ಟು ತರಕಾರಿ ಬೇಕೆಂಬುದು ಆಹಾರ ತಜ್ಞರ ಸಲಹೆ. ಐದು ಜನರ ಮನೆಗೆ ಇದು ದಿನಕ್ಕೆ ಒಂದೂವರೆ ಕಿಲೋ ಆಗುತ್ತದೆ. ಇಷ್ಟನ್ನೂ ಹಣ ಕೊಟ್ಟು ತರುವ ಶಕ್ತಿ ಎಷ್ಟು ಮನೆಗಳಿಗಿದೆ ಎಂಬುದನ್ನು ಯೋಚಿಸಿದರೆ ಹಿತ್ತಲಿನ ಬೆಲೆ ತಿಳಿಯುತ್ತದೆ.

ಇಲ್ಲಿ ಹೇಳುವ ವಿಷಯಗಳು ಮುಖ್ಯವಾಗಿ ಬಯಲುಸೀಮೆಯ, ಮಳೆಯನ್ನೂ ಅಲ್ಪಸ್ವಲ್ಪ ಬಾವಿ ನೀರನ್ನೂ ನಂಬಿದ ಹಿತ್ತಲುಗಳಿಗೆ ಅನ್ವಯಿಸುತ್ತವೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ತರಕಾರಿ ಬೇಸಾಯ ಆರಂಭವಾಗುವುದರಿಂದ ಇದೇ ಕೆಲಸಗಳು ಅಲ್ಲಿ ಏಪ್ರಿಲ್, ಮೇ ತಿಂಗಳಿಗೆ ಬರುತ್ತವೆ. ಕಾಲ ಬೇರೆಯಾದರೂ ಕ್ರಮ ಒಂದೇ.

ಮೊದಲ ಕೆಲಸ ಬೀಜ

ಹಿತ್ತಲು ಶುಚಿ ಮಾಡುವ ಮೊದಲು ಬೀಜಕ್ಕೆ ಯಾವ ಗಿಡ, ಯಾವ ಕಾಯಿ ಎಂಬುದನ್ನು ಗೊತ್ತುಮಾಡಬೇಕು. ಗಿಡ ಕಿತ್ತ ಮೇಲೆ ಈ ಆಯ್ಕೆ ಸಾಧ್ಯವಿಲ್ಲ. ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ಒಳ್ಳೆಯ ಕಾಯಿಗಳನ್ನೆಲ್ಲ ತಿಂದು ಕೊನೆಗೆ ಉಳಿದ ಸೊಟ್ಟ, ಸಣ್ಣ ಕಾಯಿಯನ್ನು ಬೀಜಕ್ಕೆ ಬಿಡುವುದು. ಹೀಗೆ ನಾಲ್ಕಾರು ವರ್ಷ ಮಾಡಿದರೆ ಮನೆಯ ತಳಿ ತಾನಾಗಿಯೇ ಕೆಡುತ್ತದೆ. ರೋಗವಿಲ್ಲದ, ಹೆಚ್ಚು ಕಾಯಿ ಕೊಟ್ಟ, ರುಚಿಯಲ್ಲಿ ಮನೆಯವರಿಗೆ ಒಪ್ಪಿಗೆಯಾದ ಗಿಡಗಳಿಗೆ ಹಂಗಾಮಿನ ನಡುವೆಯೇ ಒಂದು ಬಣ್ಣದ ದಾರ ಕಟ್ಟಿಡುವುದು ಉತ್ತಮ. ದಾರ ಕಟ್ಟಿದ ಗಿಡದ ಕಾಯಿಯನ್ನು ಯಾರೂ ಅಡಿಗೆಗೆ ಕೀಳಬಾರದು. ಒಂದೇ ಗಿಡದಿಂದ ಬೀಜ ತೆಗೆಯದೆ ಐದಾರು ಗಿಡಗಳಿಂದ ತೆಗೆದು ಕೂಡಿಸಬೇಕು.

ಎಲ್ಲ ಬೀಜವನ್ನೂ ಮನೆಯಲ್ಲಿ ಉಳಿಸಿಕೊಳ್ಳಲಾಗುವುದಿಲ್ಲ. ಹೈಬ್ರಿಡ್ ತಳಿಯಿಂದ ತೆಗೆದ ಬೀಜವನ್ನು ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಬಗೆಯಾಗಿ ಬರುತ್ತವೆ. ಉದಾಹರಣೆಗೆ, ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಹೈಬ್ರಿಡ್. ಅದರ ಬೀಜವನ್ನು ಪ್ರತಿಸಲವೂ ಕೊಳ್ಳಬೇಕು. ಅರ್ಕಾ ವಿಕಾಸ್ ತಳಿಯಾದುದರಿಂದ ಅದರ ಬೀಜವನ್ನು ಉಳಿಸಿಕೊಳ್ಳಬಹುದು. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್, ಅವರೆಯಲ್ಲಿ ಅರ್ಕಾ ಜಯ್ ಮತ್ತು ಅರ್ಕಾ ವಿಜಯ್ ಇವೂ ಬೀಜ ಉಳಿಸಿಕೊಳ್ಳಬಹುದಾದ ತಳಿಗಳೇ. ಇವೆಲ್ಲ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಂದವು. ಊರಿನ ನಾಟಿ ತಳಿಗಳ ಮಾತು ಹೇಳಬೇಕಾಗಿಯೇ ಇಲ್ಲ. ಉಡುಪಿಯ ಮಟ್ಟು ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಂಥ ತಳಿಗಳು ಉಳಿದು ಬಂದಿರುವುದು ಬೆಳೆಗಾರರ ಮನೆಗಳಲ್ಲಿ ಬೀಜ ಕಟ್ಟಿಟ್ಟ ಕೈಗಳಿಂದ.

ಪರಾಗಸ್ಪರ್ಶದ ವಿಷಯವನ್ನೂ ತಿಳಿದಿರಬೇಕು. ಟೊಮೆಟೊ, ಹುರುಳಿಕಾಯಿ, ಅವರೆಗಳಲ್ಲಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವಾಗುವುದರಿಂದ ತಳಿ ಅಷ್ಟಾಗಿ ಬೆರೆಯುವುದಿಲ್ಲ. ಬದನೆ, ಮೆಣಸಿನಕಾಯಿ, ಬೆಂಡೆಗಳಲ್ಲಿ ಸ್ವಲ್ಪಮಟ್ಟಿಗೆ ಬೆರೆಯುತ್ತದೆ. ಸೋರೆ, ಹೀರೆ, ಕುಂಬಳದಂಥ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆಯಾಗಿರುವುದರಿಂದ ಜೇನ್ನೊಣಗಳೇ ಮುಂತಾದ ಕೀಟಗಳು ನೆರೆಮನೆಯ ಬಳ್ಳಿಯ ಪರಾಗವನ್ನು ತಂದು ಬೆರೆಸುತ್ತವೆ. ತಳಿ ಶುದ್ಧವಾಗಿರಬೇಕೆಂದರೆ ಅರಳುವ ಹಿಂದಿನ ದಿನವೇ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ಕಾಗದದ ಚೀಲ ಕಟ್ಟಿ, ಅರಳಿದಾಗ ಅದೇ ತಳಿಯ ಗಂಡು ಹೂವಿನಿಂದ ಮುಟ್ಟಿಸಿ, ಮತ್ತೆ ಚೀಲ ಕಟ್ಟಬೇಕು. ಸಿಹಿಗುಂಬಳದ ಹೂ ಬೆಳಗಿನ ಜಾವ ಅರಳುತ್ತದೆ. ಸೋರೆ, ಹೀರೆಗಳ ಹೂ ಸಂಜೆ ಅರಳುತ್ತದೆ. ಸಿಹಿಗುಂಬಳ ಮತ್ತು ಬೂದುಗುಂಬಳ ಒಂದರ ಪಕ್ಕದಲ್ಲಿ ಒಂದಿದ್ದರೂ ಬೆರೆಯುವುದಿಲ್ಲ. ಅವು ಬೇರೆಬೇರೆ ಜಾತಿಗೆ ಸೇರಿದವು.

ಒಂದು ಎಚ್ಚರಿಕೆ. ಕಹಿಯಾದ ಸೋರೆಕಾಯಿಯನ್ನು ತಿನ್ನಲೂ ಬಾರದು, ಅದರ ಬೀಜವನ್ನು ಇಡಲೂ ಬಾರದು. ಕಹಿ ಸೋರೆಯ ರಸ ಕುಡಿದು ಪ್ರಾಣಕ್ಕೆ ಅಪಾಯವಾದ ಪ್ರಸಂಗಗಳುಂಟು. ಅಂಥ ಬಳ್ಳಿಯನ್ನು ಕಂಡ ಕೂಡಲೇ ಕಿತ್ತುಹಾಕಬೇಕು.

ಬೀಜ ತೆಗೆಯುವ ಕ್ರಮ

ಬದನೆ: ಕಾಯಿ ಗಿಡದಲ್ಲೇ ಪೂರ್ಣ ಹಣ್ಣಾಗಿ ಹಳದಿ ಬಣ್ಣಕ್ಕೆ ತಿರುಗಬೇಕು. ಅನಂತರ ಕಿತ್ತು, ಕೆಲವು ದಿನ ಮೆತ್ತಗಾಗಲು ಬಿಟ್ಟು, ಹೆಚ್ಚಿ ನೀರಿನಲ್ಲಿ ಕಿವುಚಬೇಕು. ಗಟ್ಟಿಬೀಜ ತಳಕ್ಕೆ ಇಳಿಯುತ್ತದೆ; ಜೊಳ್ಳು ತೇಲುತ್ತದೆ. ತೇಲಿದ್ದನ್ನು ಚೆಲ್ಲಬೇಕು.

ಟೊಮೆಟೊ: ಚೆನ್ನಾಗಿ ಕೆಂಪಾದ ಹಣ್ಣಿನ ತಿರುಳನ್ನು ಹಿಂಡಿ ಮಡಕೆಯಲ್ಲಿಟ್ಟು, ನೀರು ಸೇರಿಸದೆ ಒಂದರಿಂದ ಎರಡು ದಿನ ಹುಳಿಯಲು ಬಿಡಬೇಕು. ಆಗಾಗ ಕೋಲಿನಿಂದ ಕಲಕುತ್ತಿರಬೇಕು. ಬೀಜದ ಸುತ್ತಲಿನ ಲೋಳೆ ಬಿಟ್ಟಮೇಲೆ ನೀರಿನಲ್ಲಿ ನಾಲ್ಕಾರು ಸಲ ತೊಳೆಯಬೇಕು. ಇನ್ನೂ ಹೆಚ್ಚು ದಿನ ಬಿಟ್ಟರೆ ಬೀಜ ಬಣ್ಣಗೆಡುತ್ತದೆ, ಮಡಕೆಯಲ್ಲೇ ಮೊಳೆಯುವುದೂ ಉಂಟು.

ಮೆಣಸಿನಕಾಯಿ: ಗಿಡದಲ್ಲೇ ಹಣ್ಣಾದ ಕಾಯಿಯನ್ನು ಒಣಗಿಸಿ ಬೀಜ ಬಿಡಿಸಬೇಕು. ಕೊಳೆತ ಅಥವಾ ಬಿಳಿ ಮಚ್ಚೆಯ ಕಾಯಿಯನ್ನು ಬೀಜಕ್ಕೆ ತೆಗೆದುಕೊಳ್ಳಬಾರದು.

ಬೆಂಡೆ: ಕಾಯಿ ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ, ಸಿಡಿಯುವ ಮುನ್ನ ಕೊಯ್ಯಬೇಕು.

ಅವರೆ, ಅಲಸಂದೆ, ಹುರುಳಿಕಾಯಿ: ಗಿಡದ ಕೆಳಭಾಗದಲ್ಲಿ ಮೊದಲು ಕಟ್ಟಿದ ತುಂಬುಕಾಯಿಗಳನ್ನು ಒಣಗಲು ಬಿಡಬೇಕು. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಬೆಳೆ. ಸೊಗಡು ಚೆನ್ನಾಗಿರುವ ಗಿಡ ಯಾವುದೆಂದು ಸುಗ್ಗಿಯಲ್ಲಿ ಮನೆಯ ಹೆಂಗಸರಿಗೆ ಗೊತ್ತಿರುತ್ತದೆ. ಬೀಜದ ಗಿಡವನ್ನು ಅವರೇ ತೋರಿಸಬೇಕು.

ಸೋರೆ, ಹೀರೆ: ಬಳ್ಳಿಯಲ್ಲೇ ಕಾಯಿ ಒಣಗಿ, ಅಲ್ಲಾಡಿಸಿದರೆ ಬೀಜ ಗಲಗಲ ಸದ್ದು ಮಾಡಬೇಕು.

ಒಣಗಿಸುವುದು ಮತ್ತು ಕಾಪಾಡುವುದು

ಬೀಜ ಕೆಡುವುದಕ್ಕೆ ಮುಖ್ಯ ಕಾರಣ ತೇವ. ಬೀಜದ ತೇವಾಂಶ ಶೇಕಡಾ 1ರಷ್ಟು ಕಡಿಮೆಯಾದರೆ ಅದರ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೀಜ ವಿಜ್ಞಾನದಲ್ಲಿ ಪ್ರಸಿದ್ಧವಾದ ಸೂತ್ರ. ತರಕಾರಿ ಬೀಜಕ್ಕೆ ಶೇಕಡಾ 8ರ ತೇವಾಂಶ ಸೂಕ್ತ. ಇದನ್ನು ಅಳೆಯಲು ಮನೆಯಲ್ಲಿ ಉಪಕರಣ ಬೇಕಾಗಿಲ್ಲ. ಅವರೆ, ಅಲಸಂದೆ, ಕುಂಬಳದ ಬೀಜಗಳನ್ನು ಹಲ್ಲಿನಲ್ಲಿ ಕಚ್ಚಿದಾಗ ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಟಕ್ಕೆಂದು ಒಡೆದರೆ ಒಣಗಿದೆ ಎಂದು ತಿಳಿಯಬಹುದು.

ನೀರಿನಲ್ಲಿ ತೊಳೆದ ಬೀಜವನ್ನು ಮೊದಲು ನೆರಳಿನಲ್ಲಿ, ಅನಂತರ ಬೆಳಗಿನ ಎಳೆಬಿಸಿಲಿನಲ್ಲಿ ಬಟ್ಟೆಯ ಅಥವಾ ಚಾಪೆಯ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು. ತಗಡಿನ ಮೇಲೆ, ಸಿಮೆಂಟ್ ನೆಲದ ಮೇಲೆ ನಡು ಮಧ್ಯಾಹ್ನದ ಬಿಸಿಲಿಗೆ ಹಾಕಿದರೆ ಬೀಜದ ಮೊಳೆ ಸಾಯುತ್ತದೆ. ಒಣಗಿದ ಬೀಜವನ್ನು ಬಿಸಿ ಆರಿದ ಮೇಲೆಯೇ ತುಂಬಬೇಕು.

ಕಾಳುಬೀಜಗಳಿಗೆ ದುಂಬಿಯ ಕಾಟ ಹೆಚ್ಚು. ದುಂಬಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಮನೆಗೆ ಬಂದ ಮೇಲೆ ಕಾಳಿನಲ್ಲಿ ತೂತು ಕಾಣುತ್ತದೆ. ಒಂದು ಕಿಲೋ ಕಾಳಿಗೆ ಒಂದು ಟೀ ಚಮಚೆ, ಎಂದರೆ 5 ಮಿ.ಲೀ. ಹರಳೆಣ್ಣೆ ಅಥವಾ ಬೇವಿನೆಣ್ಣೆ ಹಾಕಿ, ಪ್ರತಿ ಕಾಳೂ ಮಿನುಗುವಂತೆ ಕೈಯಿಂದ ಉಜ್ಜಿ ಇಟ್ಟರೆ ದುಂಬಿಯ ಮೊಟ್ಟೆ ಬೆಳೆಯುವುದಿಲ್ಲ. ಜರಡಿ ಹಿಡಿದ ಒಣ ಒಲೆಬೂದಿಯಲ್ಲಿ ಬೆರೆಸಿಡುವ ಹಳೆಯ ಪದ್ಧತಿಯೂ ಒಳ್ಳೆಯದೇ. ಕೆಮ್ಮಣ್ಣು ಕಟ್ಟಿ ಒಣಗಿಸುವ ವಾಡಿಕೆಯೂ ಹಲವು ಕಡೆ ಇದೆ. ಹಿಂದೆ ಬೀಜಕ್ಕೆ ಬಿ.ಎಚ್.ಸಿ. ಪುಡಿ ಬೆರೆಸುವ ರೂಢಿಯಿತ್ತು. ಈ ವಿಷವನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಹಳೆಯ ಡಬ್ಬಿಗಳೇನಾದರೂ ಅಟ್ಟದ ಮೇಲೆ ಉಳಿದಿದ್ದರೆ ಅವನ್ನು ಬಳಸಲೇಬಾರದು. ಮನೆಯಲ್ಲಿ ಇಟ್ಟ ಬೀಜ ಕಷ್ಟಕಾಲದಲ್ಲಿ ಅಡಿಗೆಗೆ ಹೋಗುವುದುಂಟು ಎಂಬುದನ್ನು ಮರೆಯಬಾರದು.

ಗಾಜಿನ ಸೀಸೆ, ಮುಚ್ಚಳ ಬಿಗಿಯಾದ ಡಬ್ಬಿ, ಸೋರೆ ಬುರುಡೆ, ಮಡಕೆ ಯಾವುದಾದರೂ ಆಗಬಹುದು. ಗಾಳಿಯಾಡದ ಡಬ್ಬಿಗೆ ಪೂರ್ತಿ ಒಣಗಿದ ಬೀಜವನ್ನು ಮಾತ್ರ ತುಂಬಬೇಕು; ಹಸಿಬೀಜ ಅದರಲ್ಲಿ ಬೂಷ್ಟು ಹಿಡಿಯುತ್ತದೆ. ತಳದಲ್ಲಿ ಎರಡು ಅಂಗುಲ ಒಣಬೂದಿ ಹಾಕಿ, ಬೀಜದ ಬಟ್ಟೆಗಂಟನ್ನು ಅದರ ಮೇಲಿಡುವುದು ಲೇಸು. ಪ್ರತಿ ಗಂಟಿಗೂ ಬೆಳೆಯ ಹೆಸರು, ತೆಗೆದ ತಿಂಗಳು, ವರ್ಷ ಬರೆದ ಚೀಟಿ ಇರಬೇಕು. ಈರುಳ್ಳಿ ಬೀಜ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಂಬುವಂಥದ್ದಲ್ಲ. ಬದನೆ, ಟೊಮೆಟೊ, ಕುಂಬಳದ ಬೀಜಗಳು ಚೆನ್ನಾಗಿ ಇಟ್ಟರೆ ಮೂರು ವರ್ಷ ಬರುತ್ತವೆ.

ಬೇರು ನೋಡಿ ಗಿಡ ಕೀಳಬೇಕು

ಬೀಜ ತೆಗೆದ ಮೇಲೆ ಗಿಡ ಕೀಳುವ ಕೆಲಸ. ಇದನ್ನು ಆಳಿಗೆ ಒಪ್ಪಿಸಿ ಬಿಡದೆ ಮನೆಯವರೇ ನಿಂತು ಮಾಡಿಸಬೇಕು. ಏಕೆಂದರೆ ಮಣ್ಣಿನ ಆರೋಗ್ಯ ತಿಳಿಯುವುದಕ್ಕೆ ವರ್ಷದಲ್ಲಿ ಇದೊಂದೇ ಸಂದರ್ಭ.

ಪ್ರತಿ ಮಡಿಯಿಂದ ಎರಡು ಮೂರು ಗಿಡಗಳನ್ನು ಗುದ್ದಲಿಯಿಂದ ಬೇರುಸಹಿತ ಎಬ್ಬಿಸಿ, ಮಣ್ಣು ಕೊಡವಿ, ನೀರಿನಲ್ಲಿ ಅದ್ದಿ ನೋಡಬೇಕು. ಟೊಮೆಟೊ, ಬದನೆ, ಬೆಂಡೆ, ಸೋರೆ ಜಾತಿಯ ಬೇರುಗಳಲ್ಲಿ ಸಾಸಿವೆಯಿಂದ ಹಿಡಿದು ಗೋಲಿಯವರೆಗಿನ ಗಾತ್ರದ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಬಾಧೆ. ನೀರು, ಗೊಬ್ಬರ ಹಾಕಿದರೂ ಗಿಡ ಏಳದಿದ್ದದ್ದು, ಮಧ್ಯಾಹ್ನ ಬಾಡುತ್ತಿದ್ದದ್ದು ಏಕೆಂದು ಆಗ ತಿಳಿಯುತ್ತದೆ. ಅವರೆ, ಅಲಸಂದೆಯ ಬೇರಿನಲ್ಲೂ ಗಂಟುಗಳಿರುತ್ತವೆ. ಆದರೆ ಅವು ಒಳ್ಳೆಯ ಗಂಟುಗಳು. ವ್ಯತ್ಯಾಸ ಸುಲಭ. ಸಾರಜನಕದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಬಿಡುತ್ತದೆ, ಒಡೆದರೆ ಒಳಗೆ ನಸುಗೆಂಪಾಗಿರುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು. ಬೇರನ್ನು ಕಿತ್ತರೆ ಹೊರತು ಬಿಡುವುದಿಲ್ಲ.

ಗಂಟು ಕಂಡ ಮಡಿಯಲ್ಲಿ ಗಿಡವನ್ನು ಕತ್ತರಿಸಿ ಬೇರನ್ನು ಮಣ್ಣಿನಲ್ಲಿ ಬಿಡಬಾರದು. ಎಲ್ಲ ಬೇರುಗಳನ್ನೂ ಹೆಕ್ಕಿ ತೆಗೆದು, ಒಣಗಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಗಂಟಿಲ್ಲದ ಅವರೆ, ಹುರುಳಿಕಾಯಿಯ ಗಿಡಗಳನ್ನಾದರೋ ನೆಲಮಟ್ಟಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡುವುದು ಲಾಭಕರ.

ಟೊಮೆಟೊ ಅಥವಾ ಬದನೆ ಹಸಿರಾಗಿದ್ದಂತೆಯೇ ಒಮ್ಮೆಲೇ ಸೊರಗಿ ಸತ್ತಿದ್ದರೆ ಇನ್ನೊಂದು ಪರೀಕ್ಷೆ ಮಾಡಬೇಕು. ಹೊಸದಾಗಿ ಸೊರಗಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಇದಕ್ಕೆ ಔಷಧ ಸಿಂಪಡಿಸಿ ಫಲವಿಲ್ಲ. ಆ ಮಡಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಹಾಕದೆ, ಮುಸುಕಿನಜೋಳ, ರಾಗಿಯಂಥ ಬೆಳೆ ಹಾಕಬೇಕು. ಆ ಮಡಿಯ ನೀರು ಬೇರೆ ಮಡಿಗೆ ಹರಿಯದಂತೆಯೂ ನೋಡಿಕೊಳ್ಳಬೇಕು. ಅಲ್ಲಿ ಬಳಸಿದ ಗುದ್ದಲಿಯನ್ನು ತೊಳೆದು ಒಣಗಿಸಿ ಮುಂದಿನ ಮಡಿಗೆ ಇಳಿಸಬೇಕು.

ಬದನೆ ಕಡ್ಡಿಯ ವಿಷಯ ವಿಶೇಷವಾದದ್ದು. ಒಣ ಬದನೆ ಕಡ್ಡಿಯನ್ನು ಒಲೆಗೆಂದು ಹಿತ್ತಲ ಮೂಲೆಯಲ್ಲಿ ಒಟ್ಟುವುದು ಎಲ್ಲೆಲ್ಲೂ ಕಾಣುವ ದೃಶ್ಯ. ಕುಡಿ ಮತ್ತು ಕಾಯಿ ಕೊರೆಯುವ ಹುಳು ಒಣಗಿದ ಕಡ್ಡಿ ಮತ್ತು ತರಗೆಲೆಗಳಲ್ಲಿ ಕೋಶವಾಗಿ ಉಳಿಯುತ್ತದೆ. ಒಟ್ಟಿದ ರಾಶಿಯಿಂದ ಪತಂಗಗಳು ಹೊರಟು ಪಕ್ಕದಲ್ಲೇ ಇರುವ ಹೊಸ ಬದನೆಗೆ ಮೊಟ್ಟೆಯಿಡುತ್ತವೆ. ಸೌದೆಯ ಕೊರತೆ ಇರುವ ಮನೆಗೆ ಕಡ್ಡಿ ಬೇಡವೆಂದು ಹೇಳುವುದು ಸರಿಯಲ್ಲ. ಆದರೆ ಕಿತ್ತ ಕಡ್ಡಿಯನ್ನು ಮೊದಲು ಉರಿಸಿ ಮುಗಿಸಬೇಕು, ಮಿಕ್ಕ ಸೌದೆಯನ್ನು ಮಳೆಗಾಲಕ್ಕೆ ಇಡಬೇಕು. ಹೊಸ ಬದನೆ ನಾಟಿಯಾಗುವ ಹೊತ್ತಿಗೆ ಹಿತ್ತಲಿನಲ್ಲಿ ಹಳೆಯ ಬದನೆಯ ಒಂದು ಕಡ್ಡಿಯೂ ಉಳಿದಿರಬಾರದು.

ಹಳದಿ ನಂಜು ತಗಲಿದ ಬೆಂಡೆ ಗಿಡಗಳನ್ನು ನಾಲ್ಕು ಕಾಯಿಯ ಆಸೆಗೆ ಬಿಡಬಾರದು. ಈ ರೋಗ ಬೀಜದಿಂದ ಬರುವುದಿಲ್ಲ, ಬಿಳಿನೊಣದಿಂದ ಹರಡುತ್ತದೆ. ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚು. ಹಳೆಯ ರೋಗದ ಗಿಡ ನಿಂತಿದ್ದರೆ ಬೇಸಿಗೆ ಬೆಂಡೆ ಎರಡೆಲೆಯಿಂದಲೇ ಹಳದಿಯಾಗುತ್ತದೆ. ಹಾಗಲ, ಹೀರೆ, ಕುಂಬಳದ ಕೊಳೆತು ಬಿದ್ದ ಕಾಯಿಗಳಲ್ಲಿ ಹಣ್ಣಿನ ನೊಣದ ಮರಿಗಳಿರುತ್ತವೆ. ಇವು ಮಣ್ಣಿಗಿಳಿದು ಕೋಶವಾಗುತ್ತವೆ. ಅಂಥ ಕಾಯಿಗಳನ್ನು ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ಬಳ್ಳಿಯ ಬುಡದ ಮಣ್ಣನ್ನು ಅಗೆದು ತಿರುವಿದರೆ ಕೋಶಗಳು ಬಿಸಿಲಿಗೂ ಕೋಳಿಗಳಿಗೂ ಸಿಗುತ್ತವೆ.

ಕಸದಿಂದ ಗೊಬ್ಬರ

ರೋಗವಿಲ್ಲದ ಸೊಪ್ಪುಸದೆ, ಬಳ್ಳಿ, ಕಳೆ, ತರಗು ಎಲ್ಲವೂ ಗೊಬ್ಬರವಾಗಬೇಕು. ಕಾಂಪೋಸ್ಟ್ ಮಾಡುವ ಕ್ರಮಗಳಲ್ಲಿ ಎರಡು ಪ್ರಸಿದ್ಧವಾದವು. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ರೂಪಿಸಿ 1931ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ತಿರುವಿ ನೀರು ಹಾಕುತ್ತಿರಬೇಕು. ಗೊಬ್ಬರ ಬೇಗ ಆಗುತ್ತದೆ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಗುಂಡಿಯನ್ನು ಒಮ್ಮೆ ತುಂಬಿ ಮಣ್ಣು ಮೆತ್ತಿ ಬಿಟ್ಟರಾಯಿತು. ತಿರುವುವ ಕೆಲಸವಿಲ್ಲ, ಮತ್ತೆ ನೀರು ಹಾಕಬೇಕಾಗಿಲ್ಲ. ನೀರಿಗೂ ಆಳಿಗೂ ಅಭಾವವಿರುವ ಬೇಸಿಗೆಗೆ ಇದೇ ಅನುಕೂಲ.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ಒಂದು ಮನೆಯ ಹಿತ್ತಲಿಗೆ ಸಾಕು. ಅರ್ಧ ಅಡಿ ದಪ್ಪ ಕಸ ಹರಡಿ, ಚೆನ್ನಾಗಿ ನೆನೆಸಿ, ಅದರ ಮೇಲೆ ಎರಡು ಅಂಗುಲ ಸಗಣಿ ಮತ್ತು ಸ್ವಲ್ಪ ಮೇಲ್ಮಣ್ಣು ಹಾಕಬೇಕು. ಹೀಗೆ ಪದರ ಪದರವಾಗಿ ನೆಲಮಟ್ಟದಿಂದ ಒಂದು ಅಡಿ ಮೇಲೆ ಬರುವವರೆಗೆ ತುಂಬಿ, ಸಗಣಿ ಮಣ್ಣಿನಿಂದ ಒಂದು ಅಂಗುಲ ದಪ್ಪ ಮೆತ್ತಬೇಕು. ಬಿರುಕು ಬಿಟ್ಟಲ್ಲಿ ಮತ್ತೆ ಸಾರಿಸಬೇಕು. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಸಿದ್ಧವಾಗುತ್ತದೆ. ಜನವರಿಯಲ್ಲಿ ಮುಚ್ಚಿದ ಗುಂಡಿಯ ಗೊಬ್ಬರ ಜೂನ್ ನಾಟಿಗೆ ಒದಗುವುದಿಲ್ಲ, ಹಿಂಗಾರಿನ ಮಡಿಗಳಿಗೆ ಒದಗುತ್ತದೆ. ಆದುದರಿಂದ ಎರಡು ಗುಂಡಿಗಳಿದ್ದು, ಒಂದು ತುಂಬುವಾಗ ಇನ್ನೊಂದು ತೆರೆಯುವಂತಿರಬೇಕು.

ಒಲೆಬೂದಿಯನ್ನು ಸಗಣಿಯೊಡನೆ ಬೆರೆಸಬಾರದು. ಬೂದಿಯ ಕ್ಷಾರದಿಂದ ಸಗಣಿಯ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನು ಬೇರೆಯಾಗಿ ಕೂಡಿಟ್ಟು ನೇರವಾಗಿ ಮಡಿಗೆ ಹಾಕುವುದು ಮೇಲು.

ಬೇಸಿಗೆಯ ನೀರಿನ ಲೆಕ್ಕ

ಇನ್ನು ಎಲ್ಲಕ್ಕಿಂತ ಕಠಿಣವಾದ ನಿರ್ಧಾರ. ಬೇಸಿಗೆಯಲ್ಲಿ ಹಿತ್ತಲಿನ ಎಲ್ಲವನ್ನೂ ಉಳಿಸಿಕೊಳ್ಳಲಾಗುವುದಿಲ್ಲ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಮಡಿ ಸುಮಾರು 3 ಚದರ ಮೀಟರ್ ಆಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಸುಮಾರು 6 ಮಿ.ಮೀ. ನೀರು ಖರ್ಚಾಗುತ್ತದೆಂದು ಹಿಡಿದರೆ, ಒಂದು ಚದರ ಮೀಟರಿಗೆ 6 ಲೀಟರಿನಂತೆ ಒಂದು ಮಡಿಗೆ ದಿನಕ್ಕೆ 18 ಲೀಟರ್ ಬೇಕು. ಎಂದರೆ ಒಂದು ದೊಡ್ಡ ಬಿಂದಿಗೆಗಿಂತ ಹೆಚ್ಚು. ಹತ್ತು ಮಡಿಗೆ 180 ಲೀಟರ್. ಇದನ್ನು ಹೊರುವವರು ಸಾಮಾನ್ಯವಾಗಿ ಮನೆಯ ಹೆಂಗಸರು ಮತ್ತು ಹೆಣ್ಣುಮಕ್ಕಳು. ಎಲ್ಲ ಮಡಿಗೂ ಅರೆಬರೆ ನೀರು ಚಿಮುಕಿಸಿದರೆ ಹೊತ್ತ ನೀರೂ ವ್ಯರ್ಥ, ಬೆಳೆಯೂ ಇಲ್ಲ.

ಆದುದರಿಂದ ಫೆಬ್ರವರಿಯಲ್ಲೇ ಮನೆಯವರೆಲ್ಲ ಕೂಡಿ ಎಷ್ಟು ಬಿಂದಿಗೆ ನೀರು ಸಿಗುತ್ತದೆಂದು ಲೆಕ್ಕಹಾಕಬೇಕು. ಮೊದಲ ಪಾಲು ಬಹುವಾರ್ಷಿಕ ಗಿಡಗಳಿಗೆ: ಕರಿಬೇವು, ನಿಂಬೆ, ಪಪ್ಪಾಯಿ, ಬಾಳೆ. ಇವು ಸತ್ತರೆ ವರ್ಷಗಳ ಶ್ರಮ ಹೋಗುತ್ತದೆ. ಎರಡನೆಯ ಪಾಲು ಒಂದೋ ಎರಡೋ ಮಡಿ ದಂಟು, ಹರಿವೆ, ಮೆಂತ್ಯದಂಥ ಸೊಪ್ಪಿಗೆ. ಸೊಪ್ಪು ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ; ಅಷ್ಟೇ ನೀರಿಗೆ ಮನೆಗೆ ಹೆಚ್ಚು ಪೋಷಣೆ ಒದಗುತ್ತದೆ. ಮಿಕ್ಕ ಮಡಿಗಳನ್ನು ಮನಸ್ಸು ಗಟ್ಟಿಮಾಡಿ ಬಿಡಬೇಕು. ಬಿಟ್ಟ ಮಡಿಯೂ ಸುಮ್ಮನಿರುವುದಿಲ್ಲ. ಅದಕ್ಕೆ ಬೇರೆ ಕೆಲಸವಿದೆ. ಅದನ್ನು ಮುಂದೆ ಹೇಳಲಾಗುವುದು.

ಗಿಡಗಳ ಪಾತಿಗೆ ಒಣಹುಲ್ಲು, ತರಗು, ಕಡಲೆಕಾಯಿ ಸಿಪ್ಪೆ, ತೆಂಗಿನ ಗರಿ ಯಾವುದಾದರೂ ಮೂರು ನಾಲ್ಕು ಅಂಗುಲ ದಪ್ಪ ಹೊದಿಸಬೇಕು. ಹೊದಿಕೆ ಕಾಂಡಕ್ಕೆ ತಾಗಬಾರದು, ನಾಲ್ಕು ಅಂಗುಲ ದೂರವಿರಬೇಕು. ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟ ಹೆಚ್ಚು. ಎಳೆಯ ಗಿಡಗಳ ಪಕ್ಕದಲ್ಲಿ ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಬಾಯಿ ಮುಚ್ಚಿದರೆ ನೀರು ನಿಧಾನವಾಗಿ ಜಿನುಗಿ ಬೇರಿಗೆ ಸೇರುತ್ತದೆ. ಪಾತ್ರೆ ತೊಳೆದ ನೀರನ್ನು ಬಾಳೆಗೂ ಕೆಸುವಿಗೂ ಹರಿಸಬಹುದು. ಬಟ್ಟೆ ಒಗೆಯುವ ಪುಡಿಯ ನೀರು ದಿನವೂ ಒಂದೇ ಕಡೆ ಬಿದ್ದರೆ ಮಣ್ಣು ಕ್ಷಾರವಾಗಿ ಕೆಡುತ್ತದೆ. ಬಾಳೆಯ ಹೆಚ್ಚಿನ ಕಂದುಗಳನ್ನು ತೆಗೆದು ಬುಡಕ್ಕೊಂದು ಬಿಡಬೇಕು. ನುಗ್ಗೆಯನ್ನು ಈಗ ಕತ್ತರಿಸಬಾರದು. ಹೂ ಬಿಟ್ಟು ಕಾಯಿ ಕಟ್ಟುವ ಕಾಲವಿದು. ಕಾಯಿ ಮುಗಿದ ಮೇಲೆ ಸವರುವುದು ಸರಿ. ಹೂವಿನ ಕಾಲದಲ್ಲಿ ಅತಿಯಾಗಿ ನೀರು ಕೊಟ್ಟರೆ ಹೂ ಉದುರುತ್ತದೆ.

ಗೆಡ್ಡೆ ಮತ್ತು ಕಾಯಿಗಳು

ಅರಿಸಿನದ ಎಲೆ ಹಳದಿಯಾಗಿ ಒಣಗಿದಾಗ ಅಗೆದು, ರೋಗವಿಲ್ಲದ ದಪ್ಪ ಗೆಡ್ಡೆಗಳನ್ನು ಬಿತ್ತನೆಗೆ ಬೇರ್ಪಡಿಸಿ, ನೆರಳಿನಲ್ಲಿ ರಾಶಿ ಹಾಕಿ, ಅದರ ಎಲೆಯಿಂದಲೇ ಮುಚ್ಚಿ, ಮೇಲೆ ಸಗಣಿ ಮಣ್ಣು ಮೆತ್ತಬೇಕು. ಸುವರ್ಣಗೆಡ್ಡೆಯನ್ನು ಗಿಡ ಹಳದಿಯಾಗಿ ಒರಗಿದ ಮೇಲೆ, ಗಾಯವಾಗದಂತೆ ಅಗೆದು, ಗಾಳಿಯಾಡುವ ಒಣಜಾಗದಲ್ಲಿ ಒಂದೇ ಪದರವಾಗಿ ಹರಡಬೇಕು. ಸಿಹಿಗುಂಬಳ, ಬೂದುಗುಂಬಳಗಳನ್ನು ಎರಡು ಮೂರು ಅಂಗುಲ ತೊಟ್ಟಿನೊಡನೆ ಕೊಯ್ಯಬೇಕು. ತೊಟ್ಟು ಹಿಡಿದು ಎತ್ತಬಾರದು. ಬೂದುಗುಂಬಳದ ಮೇಲಿನ ಬೂದಿಯನ್ನು ಒರೆಸಬಾರದು, ಅದೇ ಅದಕ್ಕೆ ರಕ್ಷೆ. ಕರಾವಳಿಯ ಮನೆಗಳಲ್ಲಿ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ಸಾಲಾಗಿ ತೂಗುಹಾಕುವ ಪದ್ಧತಿ ಅನುಕರಿಸಲು ಯೋಗ್ಯ. ಕಾಯಿಗೆ ಕಾಯಿ ತಾಗದಿದ್ದರೆ ಒಂದು ಕೊಳೆತರೂ ಇನ್ನೊಂದಕ್ಕೆ ಹರಡುವುದಿಲ್ಲ.

ಬಿಟ್ಟ ಮಡಿಗೆ ಬಿಸಿಲಿನ ಮದ್ದು

ನೀರಿಲ್ಲದೆ ಬಿಟ್ಟ ಮಡಿಗಳನ್ನು ಫೆಬ್ರವರಿಯಲ್ಲಿ ತೇವವಿರುವಾಗಲೇ ಒಂದು ಅಡಿ ಆಳ ಅಗೆದು ಹೆಂಟೆಗಳನ್ನು ಹಾಗೆಯೇ ಬಿಡಬೇಕು. ಹತ್ತು ಹದಿನೈದು ದಿನಗಳ ಅಂತರದಲ್ಲಿ ಮತ್ತೆರಡು ಸಲ ತಿರುವಿದರೆ ಜಂತುಹುಳು, ಕೋಶ, ಕಳೆಗಳ ಗೆಡ್ಡೆಗಳು ಬಿಸಿಲಿಗೆ ಒಣಗಿ ಸಾಯುತ್ತವೆ.

ಬೇರುಗಂಟಿನ ಬಾಧೆ ಬಹಳವಿದ್ದ ಮಡಿಗೆ, ಮುಖ್ಯವಾಗಿ ಸಸಿಮಡಿಗೆ, ಸೌರೀಕರಣ ಮಾಡುವುದು ಉತ್ತಮ. ಇಸ್ರೇಲಿನಲ್ಲಿ ಕಟಾನ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಬಯಲುಸೀಮೆಯ ಏಪ್ರಿಲ್, ಮೇ ಬಿಸಿಲು ಹೇಳಿ ಮಾಡಿಸಿದಂತಿದೆ. ಮಡಿಯನ್ನು ಹದವಾಗಿ ಅಗೆದು ಹೆಂಟೆ ಒಡೆದು ಸಮಮಾಡಿ, ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮರುದಿನ 100 ಗೇಜಿನ ಬಿಳಿಯ, ಎಂದರೆ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಅಂಟಿದಂತೆ ಹಾಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. ಕಪ್ಪು ಹಾಳೆ ಇದಕ್ಕೆ ಅಷ್ಟು ಪ್ರಯೋಜನಕಾರಿಯಲ್ಲ. ನಾಲ್ಕರಿಂದ ಆರು ವಾರ ಹೀಗೆ ಬಿಟ್ಟರೆ ಮೇಲ್ಮಣ್ಣಿನ ಜಂತುಹುಳು, ಶಿಲೀಂಧ್ರ ಮತ್ತು ಕಳೆಬೀಜಗಳು ಬಹುಮಟ್ಟಿಗೆ ನಾಶವಾಗುತ್ತವೆ. ನೀರು ಕೊಡದೆ ಹಾಸಿದರೆ ಫಲ ಕಡಿಮೆ. ತೇವದ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯುತ್ತದೆ. ತೆಗೆದ ಮೇಲೆ ಆಳವಾಗಿ ಅಗೆಯಬಾರದು, ಕೆಳಗಿನ ಕಳೆಬೀಜ ಮೇಲೆ ಬರುತ್ತದೆ. ಹಾಳೆಯ ಚೂರುಗಳು ಮಣ್ಣಿನಲ್ಲಿ ಉಳಿಯದಂತೆ ಎತ್ತಿ, ಮಡಚಿ, ಮುಂದಿನ ವರ್ಷಕ್ಕೆ ಇಡಬೇಕು. ಹಾಳೆ ಕೊಳ್ಳಲಾಗದವರು ನಾಟಿಗೆ ಮುಂಚೆ ಮಡಿಗೆ ಬೇವಿನ ಹಿಂಡಿ ಸೇರಿಸಿ, ಮುಂಗಾರಿನಲ್ಲಿ ಆ ಜಾಗದಲ್ಲಿ ಚೆಂಡುಹೂ ಬೆಳೆಯಬಹುದು. ಚೆಂಡುಹೂವಿನ ಬೇರು ಜಂತುಹುಳುಗಳನ್ನು ತಗ್ಗಿಸುತ್ತದೆ, ಹೂವು ಹಬ್ಬಕ್ಕಾಗುತ್ತದೆ.

ಮುಂದಿನ ಹಂಗಾಮಿಗೆ

ಮಣ್ಣಿನ ಪರೀಕ್ಷೆಗೆ ಇದೇ ಸಕಾಲ. ಐದಾರು ಕಡೆ ಆರು ಅಂಗುಲ ಆಳದ ಇಂಗ್ಲಿಷಿನ ವಿ ಅಕ್ಷರದ ಆಕಾರದ ಗುಂಡಿ ತೆಗೆದು, ಬದಿಯಿಂದ ಮಣ್ಣು ಕೆತ್ತಿ, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಬೇಕು. ಗೊಬ್ಬರದ ಗುಂಡಿಯ ಪಕ್ಕ, ಮರದ ಕೆಳಗಿನ ಮಣ್ಣು ಬೇಡ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಹಿತ್ತಲಿಗೂ ಸಲ್ಲುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಆ ಮಳೆಗೆ ಹಾಳೆ ಹಾಸದ ಖಾಲಿ ಮಡಿಗಳಲ್ಲಿ ಅಪ್ಸೆಣಬು ಚೆಲ್ಲಿ, ಆರೇಳು ವಾರಗಳಲ್ಲಿ ಹೂ ಬರುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಹಸಿರೆಲೆ ಗೊಬ್ಬರವಾಗುತ್ತದೆ. ಸೇರಿಸಿದ ಮೇಲೆ ಕೊಳೆಯಲು ಹತ್ತು ಹದಿನೈದು ದಿನ ಬಿಟ್ಟು ನಾಟಿ ಮಾಡಬೇಕು.

ಮಕ್ಕಳ ಹಳೆಯ ನೋಟ್‌ಪುಸ್ತಕದಲ್ಲಿ ಹಿತ್ತಲಿನ ನಕ್ಷೆ ಬರೆದು, ಯಾವ ಮಡಿಯಲ್ಲಿ ಈ ವರ್ಷ ಏನಿತ್ತು, ಎಲ್ಲಿ ಗಂಟುಬೇರು, ಎಲ್ಲಿ ಸೊರಗು ಕಂಡಿತು ಎಂದು ಗುರುತಿಸಬೇಕು. ಬದನೆ ಜಾತಿ ಇದ್ದಲ್ಲಿ ಮುಂದೆ ಕಾಳುಜಾತಿ, ಅದರ ನಂತರ ಬಳ್ಳಿ, ಅದರ ನಂತರ ಸೊಪ್ಪು ಮತ್ತು ಬೇರು ತರಕಾರಿ ಎಂದು ಬದಲಾಯಿಸುತ್ತಿರಬೇಕು. ಚಪ್ಪರದ ಗಳುಗಳನ್ನು ಬಿಚ್ಚಿ, ಗೆದ್ದಲು ಹತ್ತದಂತೆ ನೆಲದಿಂದ ಎತ್ತರದಲ್ಲಿಡಬೇಕು. ಬೇಲಿಯನ್ನು ಭದ್ರಪಡಿಸಬೇಕು. ಬೇಲಿಯ ಬುಡದ ಕಳೆಗಳು, ವಿಶೇಷವಾಗಿ ಪಾರ್ಥೇನಿಯಂ, ಹೂ ಬಿಡುವ ಮುನ್ನವೇ ಕೀಳಬೇಕು.

ಮೇ ಮಧ್ಯದಲ್ಲಿ ಬೀಜದ ಗಂಟು ಬಿಚ್ಚಿ ಮೊಳಕೆಯ ಪರೀಕ್ಷೆ ಮಾಡಬೇಕು. ಎಣಿಸಿದ 50 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸಾಲಾಗಿಟ್ಟು ಸುರುಳಿ ಸುತ್ತಿ, ಒಣಗದಂತೆ ನೋಡಿಕೊಂಡರೆ ಕಾಳುಜಾತಿ ಒಂದು ವಾರದಲ್ಲಿ, ಬದನೆ ಮತ್ತು ಮೆಣಸಿನಕಾಯಿ ಎರಡು ವಾರದಲ್ಲಿ ಉತ್ತರ ಹೇಳುತ್ತವೆ. 40 ಮೊಳೆತರೆ ನಿಶ್ಚಿಂತೆ. 25 ಮೊಳೆತರೆ ಎರಡರಷ್ಟು ಬೀಜ ಹಾಕಬೇಕು. ಅದಕ್ಕೂ ಕಡಿಮೆಯಾದರೆ ನೆರೆಮನೆಯಲ್ಲಿ ಕೇಳಿ ತರಲು ಆಗ ಇನ್ನೂ ಕಾಲವಿರುತ್ತದೆ. ಮಳೆ ಬಿದ್ದ ಮೇಲೆ ಇರುವುದಿಲ್ಲ. ಹೀಗೆ ಬೀಜ ಕೊಟ್ಟು ತೆಗೆದುಕೊಳ್ಳುವ ವಾಡಿಕೆಯಿರುವ ಕೇರಿಯಲ್ಲಿ ಒಂದು ಮನೆಯಲ್ಲಿ ಕಳೆದ ತಳಿ ಇನ್ನೊಂದು ಮನೆಯಲ್ಲಿ ಸಿಗುತ್ತದೆ. ಆದುದರಿಂದ ಈ ವರ್ಷ ಕಟ್ಟಿಡುವ ಗಂಟಿನಲ್ಲಿ ಒಂದು ಹಿಡಿ ಹೆಚ್ಚಾಗಿಯೇ ಇರಲಿ.